ಸೇತುವೆ ಕಟ್ಟುವ ಮುನ್ನ ಯಾರನ್ನು ಕೇಳಬೇಕು?

ಕನ್ನಡದಲ್ಲಿ ಶುರುವಾದ ಒಂದು ಸಾಮಾಜಿಕ ಜಾಲತಾಣ ನಮ್ಮ ಕಣ್ಣೆದುರೇ ಹುಟ್ಟಿ ನಮ್ಮ ಕಣ್ಣೆದುರೇ ಮುಚ್ಚಿಹೋಯಿತು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ 2020ರಲ್ಲಿ ಬೆಂಗಳೂರಿನಿಂದ ಆರಂಭಿಸಿದ ‘ಕೂ’ ಮೊದಲು ಬಂದದ್ದು ಕನ್ನಡದಲ್ಲಿ. ಉಳಿದ ಭಾಷೆಗಳು ಆಮೇಲೆ ಸೇರಿದವು. 2024ರ ಜುಲೈನಲ್ಲಿ ಕಂಪನಿ ಅದನ್ನು ನಿಲ್ಲಿಸುವುದಾಗಿ ಹೇಳಿತು. ಅಲ್ಲಿ ನಾಲ್ಕು ವರ್ಷ ಬರೆದವರು ಒಂದಿಷ್ಟು ಓದುಗರನ್ನು ಕೂಡಿಸಿಕೊಂಡಿದ್ದರು. ಆ ಓದುಗರನ್ನು ಬೇರೆ ಜಾಲಕ್ಕೆ ಕರೆದೊಯ್ಯುವ ದಾರಿ ಮಾತ್ರ ಬರೆದವರ ಕೈಯಲ್ಲಿರಲಿಲ್ಲ. ಜಾಲತಾಣ ಒಂದು ಕಂಪನಿಯದಾದರೆ ಅದರೊಳಗಿನ ಸ್ನೇಹ, ಪರಿಚಯ, ಚರ್ಚೆಗಳ ಆಯುಷ್ಯವೂ ಆ ಕಂಪನಿಯ ಆಯುಷ್ಯದಷ್ಟೇ.

ಈ ತೊಂದರೆಗೆ ಪರಿಹಾರವೆಂದು ಹುಟ್ಟಿದ್ದು ವಿಕೇಂದ್ರಿತ ಸಾಮಾಜಿಕ ಜಾಲಗಳು. ಇಲ್ಲಿ ಯಾವ ಒಬ್ಬ ಯಜಮಾನನೂ ಇಲ್ಲ. ಆದರೆ ಇವು ಕೂಡ ಒಂದಲ್ಲ, ಹಲವು. ಮಾಸ್ಟೊಡಾನ್‌ನಲ್ಲಿ ಇದ್ದವರಿಗೆ ಬ್ಲೂಸ್ಕೈನಲ್ಲಿ ಬರೆದದ್ದು ಕಾಣದು, ಅಲ್ಲಿಯವರಿಗೆ ಇಲ್ಲಿಯದು ಕಾಣದು. ಹಾಗಾದರೆ ಎರಡರ ನಡುವೆ ಒಂದು ಸೇತುವೆ ಕಟ್ಟಬಾರದೇ? 2024ರ ಫೆಬ್ರವರಿಯಲ್ಲಿ ಒಬ್ಬ ತಂತ್ರಜ್ಞ ಕಟ್ಟಲು ಹೊರಟರು. ಅದರಿಂದ ಎದ್ದ ವಾದ ತಂತ್ರಜ್ಞಾನದ ಕುರಿತಾಗಿರದೆ ಒಪ್ಪಿಗೆಯ ಕುರಿತಾಗಿತ್ತು. ಈ ಜಾಲಗಳು ಹೇಗೆ ಕೆಲಸ ಮಾಡುತ್ತವೆ, ಸೇತುವೆಯಲ್ಲಿ ಏನು ದಾಟುತ್ತದೆ, ಏನು ದಾಟುವುದಿಲ್ಲ, ಜಗಳ ಯಾಕಾಯಿತು, ನಾವು ಯಾವ ಎಚ್ಚರ ವಹಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮಾಸ್ಟೊಡಾನ್: ಹಲವು ಸರ್ವರ್, ಒಂದೇ ಭಾಷೆ

ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂಗಳು ಒಂದೊಂದು ಕಂಪನಿಯ ಕಂಪ್ಯೂಟರುಗಳಲ್ಲಿ, ಆ ಕಂಪನಿಯ ನಿಯಮಗಳಂತೆ ನಡೆಯುತ್ತವೆ. ಜರ್ಮನಿಯ ಯೂಜನ್ ರೋಚ್ಕೊ 2016ರಲ್ಲಿ ಹೊರತಂದ ಮಾಸ್ಟೊಡಾನ್ ಒಂದು ಸ್ವತಂತ್ರ ತಂತ್ರಾಂಶ. ಕಾಲೇಜು, ಸಂಘಸಂಸ್ಥೆ, ಗೆಳೆಯರ ಗುಂಪು, ಕಡೆಗೆ ಒಬ್ಬ ವ್ಯಕ್ತಿ ಕೂಡ ಅದನ್ನು ತನ್ನ ಸರ್ವರಿನಲ್ಲಿ ಹಾಕಿಕೊಂಡು ನಡೆಸಬಹುದು. ಆ ಸರ್ವರಿನ ನಿಯಮ, ನಿರ್ವಹಣೆ, ಖರ್ಚು ಎಲ್ಲ ಅವರದೇ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯವರಿಗೆ ಇದನ್ನು ಕೆರೆಗಳ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಪ್ರತಿ ಊರಿಗೂ ತನ್ನದೇ ಕೆರೆ, ತನ್ನದೇ ತೂಬು, ತನ್ನದೇ ನೀರಗಂಟಿ. ಆದರೂ ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಹೇಮಾವತಿ ನೀರು ಕಾಲುವೆಯಲ್ಲಿ ಬಂದು ಕಳ್ಳಂಬೆಳ್ಳ ಕೆರೆ ಸೇರಿ, ಅಲ್ಲಿಂದ ಶಿರಾ ಕೆರೆಗೆ ಹೋಗುವುದು ಇಲ್ಲಿಯವರಿಗೆಲ್ಲ ಗೊತ್ತು. ಅದು ಮದಲೂರು ಕೆರೆಗೂ ಹರಿಯಬೇಕು ಎಂಬುದು 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾಗಿತ್ತು. ಕಾಲುವೆ ತೋಡುವುದು ಎಂಜಿನಿಯರ್ ಕೆಲಸ. ಯಾವ ಕೆರೆಗೆ, ಎಷ್ಟು, ಯಾರ ಒಪ್ಪಿಗೆಯ ಮೇಲೆ ಎನ್ನುವುದು ಜನ ಕೂತು ತೀರ್ಮಾನಿಸಬೇಕಾದ ವಿಷಯ. ಜಾಲಗಳನ್ನು ಜೋಡಿಸುವಾಗಲೂ ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಸರ್ವರುಗಳು ಪರಸ್ಪರ ಮಾತಾಡುವ ಭಾಷೆಯ ಹೆಸರು ಆ್ಯಕ್ಟಿವಿಟಿಪಬ್. ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರ ಜನವರಿ 23ರಂದು ಇದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಇದರಲ್ಲಿ ಪ್ರತಿ ಖಾತೆಗೂ ಒಂದು ಒಳಪೆಟ್ಟಿಗೆ, ಒಂದು ಹೊರಪೆಟ್ಟಿಗೆ ಇರುತ್ತದೆ. ಖಾತೆಯ ವಿಳಾಸದಲ್ಲಿ ಮೊದಲು ನಿಮ್ಮ ಹೆಸರು, ಆಮೇಲೆ ನಿಮ್ಮ ಸರ್ವರಿನ ಹೆಸರು. ನೀವು ಬೇರೆ ಸರ್ವರಿನ ಒಬ್ಬರನ್ನು ಫಾಲೋ ಮಾಡಿದರೆ ನಿಮ್ಮ ಸರ್ವರ್ ಅವರ ಸರ್ವರಿಗೆ ಒಂದು ಕೋರಿಕೆ ಕಳಿಸುತ್ತದೆ. ಆ ಕಡೆಯಿಂದ ಒಪ್ಪಿಗೆ ಬಂದ ಮೇಲೆ ಅವರು ಬರೆದ ಪ್ರತಿ ಹೊಸ ಪೋಸ್ಟಿನ ಒಂದು ಪ್ರತಿ ನಿಮ್ಮ ಸರ್ವರಿನ ಒಳಪೆಟ್ಟಿಗೆಗೆ ಬರುತ್ತದೆ. ಕಳಿಸಿದವರು ಅವರೇ ಎಂಬುದಕ್ಕೆ ಡಿಜಿಟಲ್ ಸಹಿಯೂ ಜೊತೆಗಿರುತ್ತದೆ. ಈ ಭಾಷೆ ಬಲ್ಲ ಎಲ್ಲ ಸರ್ವರುಗಳೂ ಸೇರಿದ ಜಾಲಕ್ಕೆ ‘ಫೆಡಿವರ್ಸ್’ ಎಂದು ಹೆಸರು. ಫೋಟೋಗಳಿಗೆ ಪಿಕ್ಸೆಲ್‌ಫೆಡ್, ವಿಡಿಯೊಗೆ ಪೀರ್‌ಟ್ಯೂಬ್, ಚರ್ಚೆಗೆ ಲೆಮ್ಮಿ, ಹೀಗೆ ಅದರೊಳಗೆ ಹಲವು ಬಗೆಯ ತಾಣಗಳಿವೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಒಂದು ಸರ್ವರಿನಿಂದ ಬರೀ ಬೈಗುಳ, ದ್ವೇಷ ಹರಿದು ಬರುತ್ತಿದ್ದರೆ ಉಳಿದ ಸರ್ವರ್ ನಡೆಸುವವರು ಅದನ್ನು ಇಡಿಯಾಗಿ ಬ್ಲಾಕ್ ಮಾಡಬಹುದು. 2019ರ ಜುಲೈನಲ್ಲಿ ಗ್ಯಾಬ್ ಎಂಬ ಅಮೆರಿಕದ ತೀವ್ರ ಬಲಪಂಥೀಯ ತಾಣ ಮಾಸ್ಟೊಡಾನ್ ತಂತ್ರಾಂಶಕ್ಕೆ ಬದಲಾದಾಗ ಹೀಗೇ ಆಯಿತು. ಬಹಳಷ್ಟು ಸರ್ವರುಗಳು ಅದಕ್ಕೆ ಬಾಗಿಲು ತೆಗೆಯಲೇ ಇಲ್ಲ. ಬೇಡವಾದವರಿಂದ ದೂರ ಇರುವ ಈ ಹಕ್ಕನ್ನು ಫೆಡಿವರ್ಸ್‌ನ ಜನ ತಮ್ಮ ಬಲವೆಂದೇ ನಂಬಿದ್ದಾರೆ.

ಭಾರತದಿಂದ ಒಂದು ದೊಡ್ಡ ಗುಂಪು ಮಾಸ್ಟೊಡಾನ್ ಬಾಗಿಲು ತಟ್ಟಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತ್ತು. ನಾಜಿ ಸೆಲ್ಯೂಟ್ ಹೊಡೆಯಲು ನಿರಾಕರಿಸಿ ಗುಂಪಿನ ನಡುವೆ ಕೈಕಟ್ಟಿ ನಿಂತ ವ್ಯಕ್ತಿಯ ಪ್ರಸಿದ್ಧ ಚಿತ್ರವನ್ನು ಅವರು ಹಾಕಿಕೊಂಡಿದ್ದರು. ಅದೇ ಹೊತ್ತಿಗೆ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಯ ಮೇಲಿನ ನಿರ್ಬಂಧದ ವಿರುದ್ಧವೂ ದಲಿತ, ಹಿಂದುಳಿದ ಸಮುದಾಯಗಳಿಂದ ದೊಡ್ಡ ದನಿ ಎದ್ದಿತ್ತು. ಯಾರು ಮಾತಾಡಬಹುದು, ಯಾರನ್ನು ಬಾಯಿ ಮುಚ್ಚಿಸಬಹುದು ಎಂಬುದನ್ನು ದೂರದ ಒಂದು ಕಂಪನಿ ತೀರ್ಮಾನಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ನಮ್ಮವರನ್ನು ಆಗಲೇ ಕಾಡಿತ್ತು.

ಬ್ಲೂಸ್ಕೈ: ಬೇರೆಯೇ ದಾರಿ

2019ರ ಡಿಸೆಂಬರ್‌ನಲ್ಲಿ, ಆಗ ಟ್ವಿಟರ್ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಬ್ಲೂಸ್ಕೈ ಎಂಬ ಸಂಶೋಧನಾ ಯೋಜನೆಯನ್ನು ಪ್ರಕಟಿಸಿದರು. ಆಮೇಲೆ ಅದು ಜೇ ಗ್ರೇಬರ್ ಅವರ ಮುಂದಾಳತ್ವದಲ್ಲಿ ಪ್ರತ್ಯೇಕ ಕಂಪನಿಯಾಯಿತು. ಬಹುಕಾಲ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶವಿದ್ದ ಈ ಜಾಲ ಎಲ್ಲರಿಗೂ ತೆರೆದದ್ದು 2024ರ ಫೆಬ್ರವರಿ 6ರಂದು. ಆಗ ಅದರಲ್ಲಿ ಸುಮಾರು 30 ಲಕ್ಷ ಖಾತೆಗಳಿದ್ದವು. ಅದೇ ವರ್ಷ ನವೆಂಬರ್ ಹೊತ್ತಿಗೆ 2 ಕೋಟಿ ದಾಟಿತು.

ಬ್ಲೂಸ್ಕೈ ಬಳಸುವುದು ಆ್ಯಕ್ಟಿವಿಟಿಪಬ್ ಅಲ್ಲ, ಎಟಿ ಪ್ರೊಟೊಕಾಲ್ ಎಂಬ ತನ್ನದೇ ವಿಧಾನ. ಇದರಲ್ಲಿ ಮೂರು ಹಂತಗಳಿವೆ. ನಿಮ್ಮ ಪೋಸ್ಟ್, ಲೈಕ್, ಫಾಲೋಗಳೆಲ್ಲ ಒಂದು ದತ್ತಾಂಶ ಸರ್ವರಿನಲ್ಲಿ ಇರುತ್ತವೆ. ಇಂಥ ಎಲ್ಲ ಸರ್ವರುಗಳಿಂದ ಹೊಸದೆಲ್ಲವನ್ನೂ ಎತ್ತಿ ಒಂದೇ ಪ್ರವಾಹವಾಗಿ ಹರಿಸುವುದು ‘ರಿಲೇ’. ಆ ಪ್ರವಾಹದಿಂದ ಆಯ್ದು, ಎಣಿಸಿ, ಜೋಡಿಸಿ ನಿಮ್ಮ ಮೊಬೈಲಿನ ಪರದೆಗೆ ತರುವುದು ಮೂರನೆಯ ಹಂತ. ಖಾತೆಯ ಹೆಸರು ಬದಲಾದರೂ ಬದಲಾಗದ ಒಂದು ಗುರುತು ಸಂಖ್ಯೆ ಪ್ರತಿಯೊಬ್ಬರಿಗೂ ಇರುವುದರಿಂದ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಪೋಸ್ಟುಗಳನ್ನೂ ಫಾಲೋ ಮಾಡುವವರನ್ನೂ ಜೊತೆಗೆ ಕೊಂಡೊಯ್ಯಬಹುದು. ಮಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಫಾಲೋ ಮಾಡುವವರು ಬರುತ್ತಾರೆ, ಹಳೆಯ ಪೋಸ್ಟುಗಳು ಬರುವುದಿಲ್ಲ.

ವ್ಯತ್ಯಾಸ ಇರುವುದು ತಂತ್ರದಲ್ಲಿ ಮಾತ್ರವಲ್ಲ, ರೂಢಿಯಲ್ಲೂ ಇದೆ. ಮಾಸ್ಟೊಡಾನ್‌ನಲ್ಲಿ ಒಂದು ಪೋಸ್ಟನ್ನು ಫಾಲೋ ಮಾಡುವವರಿಗೆ ಮಾತ್ರ ಕಾಣಿಸಬಹುದು. ಸಾರ್ವಜನಿಕ ಪೋಸ್ಟುಗಳನ್ನು ಕೂಡ ಹುಡುಕಿದರೆ ಸಿಗುವಂತೆ ಮಾಡಬೇಕೋ ಬೇಡವೋ ಎಂಬುದನ್ನು ಬರೆದವರೇ ಹೇಳಬೇಕು. 2023ರ ಸೆಪ್ಟೆಂಬರ್‌ನ 4.2 ಆವೃತ್ತಿಯಲ್ಲಿ ಹುಡುಕಾಟದ ಸೌಲಭ್ಯ ಬಂದಾಗ ಒಪ್ಪಿದವರ ಪೋಸ್ಟುಗಳನ್ನು ಮಾತ್ರ ಅದರೊಳಗೆ ಸೇರಿಸಲಾಯಿತು. ಬ್ಲೂಸ್ಕೈ ಕಟ್ಟಿರುವುದು ಎಲ್ಲವೂ ಬಯಲಿನಲ್ಲಿರಲಿ ಎಂಬ ನಂಬಿಕೆಯ ಮೇಲೆ. ಅಲ್ಲಿನ ಪ್ರವಾಹವನ್ನು ಯಾರು ಬೇಕಾದರೂ ಓದಬಹುದು. ಯಾರು ಯಾರನ್ನು ಬ್ಲಾಕ್ ಮಾಡಿದ್ದಾರೆ ಎಂಬುದು ಕೂಡ ಗುಟ್ಟಲ್ಲ.

ಸೇತುವೆಯ ಮೇಲೆ ಒಂದು ಪೋಸ್ಟಿನ ಪ್ರಯಾಣ

ಸ್ಯಾನ್ ಫ್ರಾನ್ಸಿಸ್ಕೊದ ರಯಾನ್ ಬ್ಯಾರೆಟ್ ಎಂಬ ತಂತ್ರಜ್ಞ ವೆಬ್‌ಸೈಟುಗಳನ್ನು ಫೆಡಿವರ್ಸ್‌ಗೆ ಜೋಡಿಸುವ ‘ಬ್ರಿಡ್ಜಿ ಫೆಡ್’ ಎಂಬ ಸೇವೆಯನ್ನು 2017ರಿಂದಲೇ ನಡೆಸುತ್ತಿದ್ದರು. ಅದನ್ನೇ ಬೆಳೆಸಿ ಮಾಸ್ಟೊಡಾನ್ ಮತ್ತು ಬ್ಲೂಸ್ಕೈ ನಡುವೆ ಸೇತುವೆ ಮಾಡಿದರು. ಅದು ಕೆಲಸ ಮಾಡುವ ರೀತಿಯನ್ನು ಒಂದು ಪೋಸ್ಟಿನ ಬೆನ್ನು ಹಿಡಿದು ನೋಡೋಣ.

ಕಳ್ಳಂಬೆಳ್ಳದ ಒಬ್ಬ ಮೇಷ್ಟ್ರು ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದು, ಸೇತುವೆಗೆ ಒಪ್ಪಿಗೆಯನ್ನೂ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಬೆಳಿಗ್ಗೆ ಅವರು ‘ನಮ್ಮೂರ ಕೆರೆ ಕೋಡಿ ಬಿದ್ದಿದೆ’ ಎಂದು ಬರೆದು, ಕೋಡಿಯ ಹತ್ತಿರ ನಿಂತ ಶಾಲೆಯ ಮಕ್ಕಳ ಫೋಟೋ ಹಾಕುತ್ತಾರೆ.

ಮೊದಲ ಹೆಜ್ಜೆ: ಮೇಷ್ಟ್ರ ಸರ್ವರ್ ಆ ಪೋಸ್ಟನ್ನು ಅವರನ್ನು ಫಾಲೋ ಮಾಡುವ ಎಲ್ಲರ ಸರ್ವರುಗಳಿಗೆ ಕಳಿಸುತ್ತದೆ. ಸೇತುವೆಯೂ ಅವರನ್ನು ಫಾಲೋ ಮಾಡುತ್ತಿರುವುದರಿಂದ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ. ಮೇಷ್ಟ್ರ ಸರ್ವರಿನ ಮಟ್ಟಿಗೆ ಸೇತುವೆ ಎಂದರೆ ಮತ್ತೊಂದು ಸರ್ವರ್, ಅಷ್ಟೆ.

ಎರಡನೆಯ ಹೆಜ್ಜೆ: ಸೇತುವೆ ಆ ಪೋಸ್ಟು ಸಂಪೂರ್ಣ ಸಾರ್ವಜನಿಕವೇ ಎಂದು ನೋಡುತ್ತದೆ. ಫಾಲೋ ಮಾಡುವವರಿಗೆ ಮಾತ್ರ ಎಂದಿದ್ದರೆ ದಾಟಿಸುವುದಿಲ್ಲ.

ಮೂರನೆಯ ಹೆಜ್ಜೆ: ಬ್ಲೂಸ್ಕೈ ಕಡೆ ಮೇಷ್ಟ್ರಿಗೆ ಒಂದು ಪ್ರತಿರೂಪ ಖಾತೆ ಇರುತ್ತದೆ. ಅದರ ವಿಳಾಸದಲ್ಲಿ ಮೊದಲು ಮೇಷ್ಟ್ರ ಹೆಸರು, ಆಮೇಲೆ ಅವರ ಸರ್ವರಿನ ಹೆಸರು, ಕೊನೆಗೆ ಸೇತುವೆಯ ಹೆಸರು. ನೋಡಿದವರಿಗೆ ಇದು ಸೇತುವೆ ದಾಟಿ ಬಂದ ಖಾತೆ ಎಂದು ತಿಳಿಯುತ್ತದೆ. ಪೋಸ್ಟನ್ನು ಎಟಿ ಪ್ರೊಟೊಕಾಲ್‌ಗೆ ತಕ್ಕ ರೂಪಕ್ಕೆ ಬದಲಿಸಿ ಸೇತುವೆ ತನ್ನ ದತ್ತಾಂಶ ಸರ್ವರಿನಲ್ಲಿ ಇಡುತ್ತದೆ. ಅಲ್ಲಿಂದ ರಿಲೇ ಅದನ್ನು ಎತ್ತಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಬ್ಲೂಸ್ಕೈನಲ್ಲಿ ಯಾರಾದರೂ ಉತ್ತರ ಬರೆದರೆ, ಅವರೂ ಸೇತುವೆಗೆ ಒಪ್ಪಿದವರಾಗಿದ್ದರೆ ಆ ಉತ್ತರ ವಾಪಸ್ ಮೇಷ್ಟ್ರಿಗೆ ಬರುತ್ತದೆ. ಒಪ್ಪದಿದ್ದವರ ಉತ್ತರ ಆ ಕಡೆಯಲ್ಲೇ ಉಳಿಯುತ್ತದೆ. ಹಾಗಾಗಿ ಒಂದೇ ಚರ್ಚೆ ಎರಡು ಕಡೆ ಎರಡು ರೂಪದಲ್ಲಿ ಕಾಣಬಹುದು. ಈ ಕಡೆಯವರಿಗೆ ಕೇಳಿದ್ದು ಅರ್ಧ ಮಾತು ಮಾತ್ರ ಎಂಬುದು ನೆನಪಿರಲಿ.

ದಾಟುವಾಗ ಸ್ವಲ್ಪ ಸೋರುವುದೂ ಉಂಟು. ಮಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ ಒಂದು ಪೋಸ್ಟಿಗೆ 500 ಅಕ್ಷರಗಳ ಮಿತಿ, ಬ್ಲೂಸ್ಕೈನಲ್ಲಿ 300. ಉದ್ದದ ಬರಹವನ್ನು ಸೇತುವೆ ಮೊಟಕುಗೊಳಿಸಿ ಮೂಲಕ್ಕೆ ಕೊಂಡಿ ಕೊಡುತ್ತದೆ. ಕನ್ನಡದವರು ಇಲ್ಲಿ ಇನ್ನೊಂದು ಲೆಕ್ಕ ತಿಳಿದಿರಬೇಕು. ‘ಕಳ್ಳಂಬೆಳ್ಳ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 10 ಸಂಕೇತ, 30 ಬೈಟ್. ಒತ್ತಕ್ಷರವನ್ನು ಕಂಪ್ಯೂಟರ್ ಸಾಮಾನ್ಯವಾಗಿ ಒಂದೇ ಅಕ್ಷರವೆಂದು ಎಣಿಸದ ಕಾರಣ ಕನ್ನಡದ ಪೋಸ್ಟ್ ನಾವು ಎಣಿಸಿದ್ದಕ್ಕಿಂತ ಬೇಗ ತುಂಬುತ್ತದೆ. ಮುಖ್ಯವಾದ ಮಾತನ್ನು ಮೊದಲ ಎರಡು ಸಾಲಿನಲ್ಲೇ ಬರೆದುಬಿಡುವುದು ಒಳ್ಳೆಯದು.

ಈಗ ಮುಖ್ಯ ಪ್ರಶ್ನೆ. ಮಗುವೊಂದರ ತಾಯಿ ಫೋನ್ ಮಾಡಿ ‘ಮೇಷ್ಟ್ರೇ, ನಮ್ಮ ಹುಡುಗಿ ಫೋಟೋ ತೆಗೆದುಬಿಡಿ’ ಅಂದರೆ? ಮೇಷ್ಟ್ರು ಅಳಿಸುತ್ತಾರೆ. ಅವರ ಸರ್ವರ್ ‘ಅಳಿಸಿ’ ಎಂಬ ಸಂದೇಶವನ್ನು ಎಲ್ಲ ಕಡೆಗೂ ಕಳಿಸುತ್ತದೆ. ಸೇತುವೆಯೂ ಅದನ್ನು ಆಚೆಗೆ ದಾಟಿಸುತ್ತದೆ. ಆದರೆ ಆ ಸಂದೇಶ ಒಂದು ವಿನಂತಿ ಮಾತ್ರ. ಅಷ್ಟರಲ್ಲಿ ಪ್ರವಾಹದಿಂದ ಪ್ರತಿ ಮಾಡಿಕೊಂಡವರು ಅದನ್ನು ಪಾಲಿಸುತ್ತಾರೆ ಎಂಬ ಖಾತರಿ ಯಾವ ಜಾಲದಲ್ಲೂ ಇಲ್ಲ. ಸೇತುವೆ ಇದ್ದರೆ ಆ ಪ್ರತಿಗಳ ಸಂಖ್ಯೆ ಹೆಚ್ಚುತ್ತದೆ, ಅವು ಇರುವ ಜಾಗ ಮೇಷ್ಟ್ರಿಗೆ ಇನ್ನಷ್ಟು ಅಪರಿಚಿತವಾಗುತ್ತದೆ. 2024ರ ಜಗಳದ ಬೇರು ಇಲ್ಲೇ ಇದೆ.

ಫೆಬ್ರವರಿಯ ಜಗಳ

ಬ್ಯಾರೆಟ್ ಮೊದಲು ಹಾಕಿಕೊಂಡಿದ್ದ ಯೋಜನೆಯಲ್ಲಿ ಎಲ್ಲರ ಸಾರ್ವಜನಿಕ ಪೋಸ್ಟುಗಳೂ ತಾನಾಗಿಯೇ ಸೇತುವೆ ದಾಟಬಹುದಿತ್ತು. ಬೇಡ ಎನ್ನುವವರು ಬೇಡ ಎಂದು ಹೇಳಿ ಹೊರಗುಳಿಯಬಹುದಿತ್ತು. ಈ ಸುದ್ದಿ ಹೊರಬಿದ್ದ ಕೂಡಲೇ ತಂತ್ರಾಂಶದ ಕೆಲಸ ನಡೆಯುತ್ತಿದ್ದ ಗಿಟ್‌ಹಬ್ ತಾಣದಲ್ಲಿ ನೂರಾರು ಪ್ರತಿಕ್ರಿಯೆಗಳು ಬಂದವು. ಕೆಲವರು ಕಟುವಾಗಿ, ಕೆಲವರು ಬಹಳ ತಾಳ್ಮೆಯಿಂದ ತಮ್ಮ ವಾದ ಮಂಡಿಸಿದರು.

ಬ್ಯಾರೆಟ್ ಪರವಾಗಿದ್ದವರ ವಾದ ಹೀಗಿತ್ತು. ಸಾರ್ವಜನಿಕ ಎಂದು ಗುರುತಿಸಿ ಹಾಕಿದ ಪೋಸ್ಟನ್ನು ಬ್ರೌಸರ್ ಇರುವ ಯಾರು ಬೇಕಾದರೂ ಓದಬಹುದು. ಫೆಡಿವರ್ಸ್‌ನಲ್ಲಿ ದಿನವೂ ಹೊಸ ಸರ್ವರುಗಳು ಸೇರುತ್ತವೆ, ಆಗ ಯಾರೂ ಪ್ರತಿಯೊಬ್ಬರ ಅನುಮತಿ ಕೇಳುವುದಿಲ್ಲ. ಹಾಗಿರುವಾಗ ಬೇರೆ ಭಾಷೆಯ ಸರ್ವರಿಗೆ ಮಾತ್ರ ಯಾಕೆ ಬೇರೆ ನಿಯಮ? ಮೊದಲೇ ಒಪ್ಪಿಗೆ ಕೇಳುತ್ತ ಹೋದರೆ ಸೇತುವೆ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ, ದೊಡ್ಡ ಕಂಪನಿಗಳ ಹಿಡಿತ ತಪ್ಪಿಸುವ ಗುರಿಯೂ ಈಡೇರುವುದಿಲ್ಲ.

ವಿರೋಧಿಸಿದವರು ಹೇಳಿದ್ದು ಇಷ್ಟು. ಒಂದು ಜಾಗದ ನಿಯಮ, ನಡವಳಿಕೆ, ನಿರ್ವಹಣೆ ನೋಡಿ ನಾವು ಅಲ್ಲಿ ಖಾತೆ ತೆರೆದಿದ್ದೇವೆ. ಬೇರೆ ನಿಯಮಗಳಿರುವ, ಎಲ್ಲವೂ ಒಂದೇ ಪ್ರವಾಹದಲ್ಲಿ ಸೇರುವ, ಹೂಡಿಕೆದಾರರ ಹಣದಲ್ಲಿ ನಡೆಯುವ ಕಂಪನಿಯ ಜಾಲದಲ್ಲಿ ನಮ್ಮ ಹೆಸರಿನ ಖಾತೆ ನಮಗೇ ತಿಳಿಯದೆ ಹುಟ್ಟಬಾರದು. ಟ್ವಿಟರ್‌ನಲ್ಲಿ ಕಿರುಕುಳ ತಿಂದು ಓಡಿಬಂದವರು ಇಲ್ಲಿ ಬಹಳ ಜನ ಇದ್ದಾರೆ. ಬೇಡ ಎನ್ನಬೇಕಾದರೆ ಮೊದಲು ಸೇತುವೆಯ ವಿಷಯ ಗೊತ್ತಿರಬೇಕು. ಗೊತ್ತೇ ಇಲ್ಲದವರ ಮೌನವನ್ನು ಒಪ್ಪಿಗೆ ಎಂದು ಎಣಿಸುವುದು ಅನ್ಯಾಯ.

ನನ್ನ ಅಭಿಪ್ರಾಯ ಎರಡನೆಯವರ ಕಡೆಗಿದೆ. ಓದಬಹುದಾದದ್ದೆಲ್ಲ ಎತ್ತಿ ಸಾಗಿಸಬಹುದಾದದ್ದಲ್ಲ. ಊರ ಜಾತ್ರೆಯಲ್ಲಿ ಹಾಡಿದವರ ಹಾಡನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಹಾಡಿದವರ ಹೆಸರಿನಲ್ಲಿ ಬೇರೆ ಊರಿನಲ್ಲಿ ಅಂಗಡಿ ತೆರೆಯುವ ಹಕ್ಕು ಯಾರಿಗೂ ಇಲ್ಲ. ಒಪ್ಪಿಗೆ ಕೇಳುವ ಶ್ರಮವನ್ನು ಸೇತುವೆ ಕಟ್ಟುವವರು ಹೊರಬೇಕು. ಅದನ್ನು ದಿನಕ್ಕೊಂದು ಹೊಸ ಸೇತುವೆಗೆ ‘ಬೇಡ’ ಎನ್ನುತ್ತ ಕೂರಬೇಕಾದ ಬಳಕೆದಾರರ ತಲೆಗೆ ಕಟ್ಟಬಾರದು.

ಬ್ಯಾರೆಟ್ ಅವರ ದೊಡ್ಡತನ ಇರುವುದು ಕೇಳಿಸಿಕೊಂಡದ್ದರಲ್ಲಿ. ಕೆಲವೇ ದಿನಗಳಲ್ಲಿ ಅವರು ಯೋಜನೆ ಬದಲಿಸಿದರು. ಬ್ಲೂಸ್ಕೈನ ಒಬ್ಬರು ಮಾಸ್ಟೊಡಾನ್‌ನ ಒಬ್ಬರನ್ನು ಫಾಲೋ ಮಾಡಬಯಸಿದರೆ ಸೇತುವೆ ಆ ವ್ಯಕ್ತಿಗೆ ಸಂದೇಶ ಕಳಿಸಿ ಕೇಳಬೇಕು, ಅವರು ಹೂಂ ಎಂದರೆ ಮಾತ್ರ ದಾಟಿಸಬೇಕು ಎಂಬ ದಾರಿ ಮುಂದಿಟ್ಟರು. ಅದೇ ವರ್ಷ ಸೇತುವೆ ಸಾರ್ವಜನಿಕರಿಗೆ ತೆರೆದದ್ದು ಮೊದಲು ಒಪ್ಪಿದವರಿಗೆ ಮಾತ್ರ ಎಂಬ ನಿಯಮದ ಮೇಲೆ. 2025ರಲ್ಲಿ ಈ ಕೆಲಸ ‘ಎ ನ್ಯೂ ಸೋಷಿಯಲ್’ ಎಂಬ ಲಾಭರಹಿತ ಸಂಸ್ಥೆಯ ಕೈಗೆ ಬಂದಿತು. ಬಿಸಿಬಿಸಿ ವಾದದಿಂದ ಒಳ್ಳೆಯ ನಿಯಮ ಹುಟ್ಟಿದ ಅಪರೂಪದ ಸಂದರ್ಭ ಇದು.

ಅನುಮಾನಕ್ಕೆ ಹಳೆಯ ಕಾರಣಗಳು

ಜೋಡಣೆ ಎಂದ ಕೂಡಲೇ ಫೆಡಿವರ್ಸ್‌ನ ಜನ ಹುಬ್ಬೇರಿಸುವುದಕ್ಕೆ ಅನುಭವದ ಆಧಾರವಿದೆ. 2005ರಲ್ಲಿ ಗೂಗಲ್ ಟಾಕ್ ಬಂದಾಗ ಅದು ಎಕ್ಸ್‌ಎಂಪಿಪಿ ಎಂಬ ಮುಕ್ತ ವಿಧಾನವನ್ನು ಬಳಸುತ್ತಿತ್ತು. 2006ರಿಂದ ಬೇರೆ ಸರ್ವರುಗಳ ಬಳಕೆದಾರರೂ ಗೂಗಲ್ ಟಾಕ್‌ನವರೊಡನೆ ಮಾತಾಡಬಹುದಾಯಿತು. ಸಣ್ಣ ಸರ್ವರುಗಳ ಬಹುಪಾಲು ಗೆಳೆಯರು ಗೂಗಲ್ ಕಡೆ ಸೇರಿಕೊಂಡರು. 2013ರಲ್ಲಿ ಗೂಗಲ್ ಹ್ಯಾಂಗೌಟ್ಸ್ ತಂದು ಈ ಜೋಡಣೆಯಿಂದ ಹಿಂದೆ ಸರಿಯತೊಡಗಿತು. ಸಣ್ಣ ಸರ್ವರುಗಳಲ್ಲಿ ಉಳಿದವರಿಗೆ ತಮ್ಮ ಗೆಳೆಯರು ಕಾಣದಾದರು.

ಈ ನೆನಪಿನಿಂದಲೇ 2023ರಲ್ಲಿ ಮೆಟಾ ಕಂಪನಿಯ ಥ್ರೆಡ್ಸ್ ಫೆಡಿವರ್ಸ್‌ಗೆ ಸೇರಲಿದೆ ಎಂಬ ಸುದ್ದಿ ಬಂದಾಗ ನೂರಾರು ಸರ್ವರ್ ನಡೆಸುವವರು ‘ಫೆಡಿಪ್ಯಾಕ್ಟ್’ ಎಂಬ ಪ್ರತಿಜ್ಞೆಗೆ ಸಹಿ ಹಾಕಿ, ಮೆಟಾ ಬಂದರೆ ಬ್ಲಾಕ್ ಮಾಡುತ್ತೇವೆ ಎಂದರು. ರೋಚ್ಕೊ ಆಗ ನಡೆಸುತ್ತಿದ್ದ ದೊಡ್ಡ ಸರ್ವರ್ ಬ್ಲಾಕ್ ಮಾಡಲಿಲ್ಲ. ಡಿಸೆಂಬರ್‌ನಲ್ಲಿ ಥ್ರೆಡ್ಸ್ ಪರೀಕ್ಷೆ ಶುರುಮಾಡಿತು. 2024ರ ಮಾರ್ಚ್‌ನಲ್ಲಿ ಅಮೆರಿಕ, ಕೆನಡಾ, ಜಪಾನ್‌ಗಳಲ್ಲಿ ಬೇಕೆಂದು ಆರಿಸಿಕೊಂಡವರ ಪೋಸ್ಟುಗಳನ್ನು ಫೆಡಿವರ್ಸ್‌ಗೆ ಕಳಿಸತೊಡಗಿತು. ಅಷ್ಟು ದೊಡ್ಡ ಕಂಪನಿ ಕೂಡ ತನ್ನ ಬಳಕೆದಾರರನ್ನು ಮೊದಲು ಕೇಳಿತು ಎಂಬುದು ಗಮನಾರ್ಹ.

ನಮ್ಮ ಕಾನೂನು ಎಲ್ಲಿಯವರೆಗೆ?

ಇಂಥ ವಿಷಯದಲ್ಲಿ ಭಾರತದ ಕಾನೂನು ರಕ್ಷಣೆ ಕೊಡುತ್ತದೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ತನ್ನ ಮುಖ್ಯ ತಳಹದಿಯಾಗಿ ಇಟ್ಟುಕೊಂಡಿದೆ. ಆದರೆ ಅದರ ಸೆಕ್ಷನ್ 3ರಲ್ಲಿ ಒಂದು ವಿನಾಯಿತಿ ಇದೆ. ವ್ಯಕ್ತಿಯೇ ತನ್ನ ಮಾಹಿತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿದ್ದರೆ ಆ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ನಾವೇ ಬಯಲಲ್ಲಿ ಬರೆದದ್ದನ್ನು ಸೇತುವೆಯೊಂದು ಸಾಗಿಸಿದರೆ ಈ ಕಾಯ್ದೆಯನ್ನು ನಂಬಿ ಕೂರುವಂತಿಲ್ಲ. ಕಾನೂನು ತಲುಪದ ಜಾಗದಲ್ಲಿ ಸಮುದಾಯದ ರೂಢಿಯೇ ರಕ್ಷಣೆ. ಆ ಕಾರಣಕ್ಕೇ ಫೆಬ್ರವರಿಯ ಜಗಳ ಕಾಲಹರಣವಾಗಿರಲಿಲ್ಲ. ಜನ ಮಾತಾಡಿದ್ದರಿಂದಲೇ ರೂಢಿ ಬದಲಾಯಿತು.

ಇನ್ನೊಂದು ಮಾತು. ಮಕ್ಕಳ ಫೋಟೋ, ಬೇರೆಯವರ ಮೊಬೈಲ್ ನಂಬರ್, ಪಕ್ಕದ ಮನೆಯವರ ಕಷ್ಟ, ಇವನ್ನು ನಾವು ಹಾಕಿದಾಗ ಪ್ರಕಟಿಸಿದವರು ನಾವು, ಮಾಹಿತಿ ಅವರದು. ನಮ್ಮ ಒಪ್ಪಿಗೆ ಅವರ ಒಪ್ಪಿಗೆಯಾಗುವುದಿಲ್ಲ.

ನೀವು ಮಾಡಬೇಕಾದ್ದೇನು?

ಸೇತುವೆ ಬೇಕೆನಿಸಿದರೆ: ಮಾಸ್ಟೊಡಾನ್ ಬಳಸುವವರು ಬ್ರಿಡ್ಜಿ ಫೆಡ್‌ನ ಬ್ಲೂಸ್ಕೈ ಸೇತುವೆ ಖಾತೆಯನ್ನು ಫಾಲೋ ಮಾಡಬೇಕು. ಬ್ಲೂಸ್ಕೈನಲ್ಲಿ ಇರುವವರು ಅದರ ಫೆಡಿವರ್ಸ್ ಸೇತುವೆ ಖಾತೆಯನ್ನು ಫಾಲೋ ಮಾಡಬೇಕು. ಫಾಲೋ ಮಾಡುವುದೇ ಒಪ್ಪಿಗೆ. ಈ ಖಾತೆಗಳ ವಿಳಾಸ ಬ್ರಿಡ್ಜಿ ಫೆಡ್‌ನ ಸಹಾಯ ಪುಟದಲ್ಲಿದೆ. ಹೆಸರು ಹೋಲುವ ನಕಲಿ ಖಾತೆಗಳಿಗೆ ಮೋಸಹೋಗದಂತೆ ಅಲ್ಲಿಂದಲೇ ತೆಗೆದುಕೊಳ್ಳಿ. ಸೇತುವೆಗೆ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಈ ಕೆಲಸಕ್ಕೆ ಯಾರಾದರೂ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ.

ಬೇಡವೆನಿಸಿದರೆ: ಆ ಸೇತುವೆ ಖಾತೆಯನ್ನು ಬ್ಲಾಕ್ ಮಾಡಿ. ಆಚೆ ಕಡೆಯ ನಿಮ್ಮ ಪ್ರತಿರೂಪ ಖಾತೆಯನ್ನು ಅದು ತೆಗೆಯುತ್ತದೆ. ಯಾರೂ ಕೇಳುವುದೂ ಬೇಡ ಎಂದಿದ್ದರೆ ‘ನೋಬ್ರಿಡ್ಜ್’ ಎಂಬ ಹ್ಯಾಶ್‌ಟ್ಯಾಗನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮ ಪರಿಚಯದ ಸಾಲಿನಲ್ಲಿ ಬರೆಯಿರಿ. ಬ್ರಿಡ್ಜಿ ಫೆಡ್ ಅದನ್ನು ಗೌರವಿಸುತ್ತದೆ. ನಾಳೆ ಇನ್ನೊಬ್ಬರು ಕಟ್ಟುವ ಸೇತುವೆ ಗೌರವಿಸುತ್ತದೆ ಎನ್ನಲಾಗದು.

ಎರಡಕ್ಕೂ ಮುನ್ನ: ನಿಮ್ಮ ಹಳೆಯ ಸಾರ್ವಜನಿಕ ಪೋಸ್ಟುಗಳನ್ನು ಒಮ್ಮೆ ತಿರುವಿ ನೋಡಿ. ಅಪರಿಚಿತರ ಕೈಗೆ ಹೋಗಬಾರದ್ದು ಏನಾದರೂ ಇದ್ದರೆ ಅದನ್ನು ಈಗಲೇ ಅಳಿಸಿ. ಇನ್ನು ಮುಂದೆ ಬರೆಯುವಾಗ ಯಾವುದು ಎಲ್ಲರಿಗೆ, ಯಾವುದು ಫಾಲೋ ಮಾಡುವವರಿಗೆ ಮಾತ್ರ ಎಂದು ಪ್ರತಿ ಸಲ ಆರಿಸಿ. ಪೋಸ್ಟಿನ ಭಾಷೆಯನ್ನು ‘ಕನ್ನಡ’ ಎಂದು ಗುರುತಿಸುವುದನ್ನೂ ಮರೆಯಬೇಡಿ. ಎರಡೂ ಜಾಲಗಳಲ್ಲಿ ಅದಕ್ಕೆ ಜಾಗವಿದೆ. ಕನ್ನಡ ಓದಬಯಸುವವರಿಗೆ ನಿಮ್ಮ ಬರಹ ಸಿಗುವುದು ಆ ಗುರುತಿನಿಂದ.

ಸರ್ವರ್ ನಡೆಸುವವರಿಗೆ: ತುಮಕೂರಿನ ಒಂದು ಕಾಲೇಜೋ, ಶಿರಾದ ಒಂದು ರೈತ ಉತ್ಪಾದಕರ ಸಂಘವೋ ನಾಳೆ ತನ್ನದೇ ಸರ್ವರ್ ಶುರುಮಾಡಿದರೆ, ಸೇತುವೆಯ ಬಗ್ಗೆ ತನ್ನ ನಿಲುವನ್ನು ಮೊದಲ ದಿನವೇ ಸರಳ ಕನ್ನಡದಲ್ಲಿ ನಿಯಮಗಳ ಪುಟದಲ್ಲಿ ಬರೆಯಬೇಕು. ಯಾವ ಜಾಲಕ್ಕೆ ಜೋಡಣೆ ಇದೆ, ಯಾವುದಕ್ಕೆ ಇಲ್ಲ, ನಿರ್ಧಾರ ಬದಲಾದರೆ ಸದಸ್ಯರಿಗೆ ಎಷ್ಟು ದಿನ ಮೊದಲು ತಿಳಿಸುತ್ತೇವೆ ಎಂಬ ಮೂರು ಸಾಲು ಸಾಕು. ಸದಸ್ಯರು ಸೇರುವಾಗಲೇ ಓದಿಕೊಂಡು ಸೇರುತ್ತಾರೆ.

ಕನ್ನಡಕ್ಕೆ ಇದರಿಂದ ಏನು?

ಕನ್ನಡದಲ್ಲಿ ಬರೆಯುವವರು ಇಂದು ಹಲವು ಜಾಲಗಳಲ್ಲಿ ಚದುರಿದ್ದಾರೆ. ಕಾಸರಗೋಡಿನವರು, ಸೊಲ್ಲಾಪುರದವರು, ಹೊಸೂರಿನವರು, ಅಮೆರಿಕ ಮತ್ತು ಕೊಲ್ಲಿ ದೇಶಗಳಲ್ಲಿ ಇರುವವರು ತಮಗೆ ಸಿಕ್ಕ ಜಾಲದಲ್ಲಿ ಬರೆಯುತ್ತಿದ್ದಾರೆ. ಇಂಗ್ಲಿಷಿಗೆ ಪ್ರತಿ ಜಾಲದಲ್ಲೂ ಜನ ಸಿಗುತ್ತಾರೆ. ಕನ್ನಡಕ್ಕೆ ಒಂದೊಂದು ಜಾಲದಲ್ಲಿ ಸಿಗುವವರು ಕೆಲವರೇ. ಸೇತುವೆಯ ಅಗತ್ಯ ದೊಡ್ಡ ಭಾಷೆಗಿಂತ ನಮ್ಮಂಥ ಭಾಷೆಗೆ ಹೆಚ್ಚು. ‘ಕೂ’ ಕಲಿಸಿದ ಪಾಠವೂ ಅದೇ. ನಮ್ಮ ಮಾತುಕತೆ ಒಂದೇ ತಾಣದಲ್ಲಿ ಇರಬಾರದು, ಒಂದು ಮುಚ್ಚಿದರೆ ಇನ್ನೊಂದರಲ್ಲಿ ಮುಂದುವರಿಯುವಂತಿರಬೇಕು.

ಹಾಗೆಂದು ಅಗತ್ಯ ಇದೆ ಎಂಬ ಕಾರಣಕ್ಕೆ ಕೇಳದೆ ಜೋಡಿಸಿದರೆ ಆ ಸೇತುವೆ ನಿಲ್ಲುವುದಿಲ್ಲ. ಸರ್ವರುಗಳು ಅದನ್ನು ಬ್ಲಾಕ್ ಮಾಡುತ್ತವೆ, ನೊಂದವರು ಬರೆಯುವುದನ್ನೇ ನಿಲ್ಲಿಸುತ್ತಾರೆ. ಕೇಳಿ ಕಟ್ಟಿದ ಸೇತುವೆ ನಿಧಾನವಾಗಿ ತುಂಬುತ್ತದೆ, ಆದರೆ ಅದನ್ನು ಹತ್ತಿದವರು ಗೊತ್ತಿದ್ದೇ ಹತ್ತಿರುತ್ತಾರೆ. ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರೂ ಈ ವಿಷಯ ತಿಳಿದುಕೊಂಡು, ತಮ್ಮ ಲಾಭನಷ್ಟ ತೂಗಿ, ಸೇತುವೆಗೆ ಹೌದು ಅಥವಾ ಬೇಡ ಎಂದು ತಾವೇ ಹೇಳಲಿ. ಹೌದು ಎನ್ನುವವರ ಸಂಖ್ಯೆ ಹೆಚ್ಚಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಬೇಡ ಎಂದವರ ಮಾತಿಗೂ ಅಷ್ಟೇ ಬೆಲೆ ಇರಲಿ ಎಂದು ಅಷ್ಟೇ ಗಟ್ಟಿಯಾಗಿ ಬಯಸುತ್ತೇನೆ.